ಗೋಡೆಯ ಮೇಲೆ ಆರು ಹಸಿರು

ಮಾತ್ರೆಯ ಡಬ್ಬಿಯೊಳಗೆ ಎಂಟು ಮಡಿಕೆ ಮಾಡಿ ಇಟ್ಟಿರುತ್ತಾರಲ್ಲ, ಇರುವೆ ಸಾಲಿನಂಥ ಅಕ್ಷರಗಳ ಕಾಗದ, ಅದನ್ನು ಯಾರೂ ಓದುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾನು ಓದುತ್ತೇನೆ. ಅದೇ ನನ್ನ ಉದ್ಯೋಗ. ಔಷಧ ಕಂಪನಿಯ ಮೂರನೆಯ ಮಹಡಿಯಲ್ಲಿ ಕಿಟಕಿಯ ಪಕ್ಕದ ಮೇಜು ನನ್ನದು. ಅಚ್ಚಿಗೆ ಹೋಗುವ ಮೊದಲು ಆ ಕಾಗದಗಳಲ್ಲಿ ತಪ್ಪಿಲ್ಲವೆಂದು ಸಹಿ ಹಾಕಬೇಕಾದವಳು ನಾನು. ತಲೆಸುತ್ತು, ಬಾಯಿ ಒಣಗುವುದು, ಎದೆಬಡಿತ ಏರುವುದು, ಅಪರೂಪಕ್ಕೆ ಇನ್ನೂ ಕೆಟ್ಟದ್ದು, ಇವನ್ನೇ ಹದಿನಾಲ್ಕು ವರ್ಷ ದಿನಕ್ಕೆ ಎಂಟು ಗಂಟೆ ಓದಿದವಳಿಗೆ ಧೈರ್ಯ ಎಲ್ಲಿಂದ ಬರಬೇಕು? ಮನೆಯಲ್ಲಿ ಯಾರಾದರೂ ಎರಡು ಸಲ ಕೆಮ್ಮಿದರೆ ಸಾಕು, ಕಾಯಿಲೆಗಳ ಇಡೀ ಮೆರವಣಿಗೆ ನನ್ನ ಕಣ್ಣ ಮುಂದೆ ಹೊರಡುತ್ತದೆ.

ಹಾಗಿರುವಾಗ ನನ್ನ ಗಂಡನ ವರ್ಷದ ತಪಾಸಣೆಯಲ್ಲಿ ಬಿಪಿ ನೂರ ಅರವತ್ತೆಂಟು ಬಂದರೆ ನನ್ನ ಪಾಡು ಏನಾಗಿರಬಹುದು ಎಂದು ಊಹಿಸಿಕೊಳ್ಳಬಹುದು.

ಇವರು ಬಂದರಿನಲ್ಲಿ ಕ್ರೇನ್ ನಡೆಸುತ್ತಾರೆ. ನೆಲದಿಂದ ನಲವತ್ತು ಮೀಟರ್ ಮೇಲೆ ಗಾಜಿನ ಗೂಡಿನಲ್ಲಿ ಕುಳಿತು, ಕಾಲ ಕೆಳಗಿನ ಗಾಜಿನಿಂದ ಬಗ್ಗಿ ನೋಡುತ್ತಾ, ಹಡಗಿನ ಹೊಟ್ಟೆಯಿಂದ ಕಂಟೇನರ್‌ಗಳನ್ನು ಒಂದೊಂದಾಗಿ ಎತ್ತಿ ಲಾರಿಯ ಮೇಲೆ ಇಡುವ ಕೆಲಸ. ಹದಿನೆಂಟು ವರ್ಷವಾಯಿತು. ಅಲ್ಲಿ ಎಲ್ಲರೂ ಇವರನ್ನು ಗಿಡುಗ ಎಂದೇ ಕರೆಯುವುದು. ಬಿಪಿ ಹೆಚ್ಚಿರುವವರು ಆ ಏಣಿ ಹತ್ತುವಂತಿಲ್ಲ. ಮೇಲೆ ತಲೆ ತಿರುಗಿದರೆ ಅವರಿಗೂ ಅಪಾಯ, ಕೆಳಗಿರುವವರಿಗೂ ಅಪಾಯ. ಕಂಪನಿಯ ಡಾಕ್ಟರು ಆರು ವಾರ ಗಡುವು ಕೊಟ್ಟರು. ಮಾತ್ರೆ ತಪ್ಪಿಸಬಾರದು, ಉಪ್ಪು ಕಡಿಮೆ ಮಾಡಬೇಕು, ಮನೆಯಲ್ಲಿ ಬಿಪಿ ನೋಡಿ ಪುಸ್ತಕದಲ್ಲಿ ಬರೆದಿಟ್ಟು ತರಬೇಕು. ಆರು ವಾರದ ಮೇಲೆ ಅವರೇ ಮೂರು ಸಲ ನೋಡುತ್ತಾರೆ. ನೂರ ನಲವತ್ತರ ಕೆಳಗಿದ್ದರೆ ಮೇಲಕ್ಕೆ. ಇಲ್ಲದಿದ್ದರೆ ನೆಲದ ಕೆಲಸವೇ ಕಾಯಂ.

ಅಲ್ಲಿಯವರೆಗೆ ಇವರನ್ನು ಗೇಟಿಗೆ ಹಾಕಿದರು. ಹೊರಗೆ ಹೋಗುವ ಕಂಟೇನರ್‌ಗಳ ಸೀಲು ಸರಿಯಾಗಿದೆಯೇ ಎಂದು ನೋಡಿ ಟಿಕ್ ಹಾಕುವುದು. ಸಂಬಳ ಅಷ್ಟೇ, ಮೈಗೆ ಶ್ರಮವೂ ಕಡಿಮೆ. ಆದರೆ ಮೊದಲೆಲ್ಲ ಸಂಜೆ ಬಂದವರೇ ಊಟದ ಮೇಜಿನ ಮೇಲೆ ಲೋಟವನ್ನು ಕಂಟೇನರ್ ಮಾಡಿಕೊಂಡು, ಇವತ್ತು ಗಾಳಿ ಹೀಗೆ ಬೀಸಿತು, ನಾನು ಹೀಗೆ ತಿರುಗಿಸಿದೆ ಎಂದು ತೋರಿಸುತ್ತಿದ್ದ ಮನುಷ್ಯ ಈಗ ಬೂಟು ಬಿಚ್ಚಿ ಬಾಗಿಲ ಬಳಿಯ ಬೆಂಚಿನಲ್ಲೇ ಕೂತುಬಿಡುತ್ತಿದ್ದರು. ಒಂದು ದಿನ ಕೇಳಿದ್ದಕ್ಕೆ, "ಕೆಳಗಡೆಯಿಂದ ನೋಡಿದ್ರೆ ಎಲ್ಲಾ ಬರೀ ಗೋಡೆ ಕಣೇ" ಎಂದರು. ಅಷ್ಟೇ. ಈ ಮನುಷ್ಯನನ್ನು ನೆಲದ ಮೇಲೆ ಉಳಿಸಿಬಿಟ್ಟರೆ ಎರಡು ವರ್ಷದಲ್ಲಿ ಮುದುಕರಾಗಿಬಿಡುತ್ತಾರೆ ಎಂದು ನನಗೆ ಯಾವ ಡಾಕ್ಟರೂ ಹೇಳಬೇಕಾಗಿರಲಿಲ್ಲ.

ತಪಾಸಣೆಯಾದ ಸಂಜೆಯೇ ನಾನು ಬಿಪಿ ಮಿಷನ್ ತಂದಿದ್ದೆ. ಎದ್ದ ಕೂಡಲೇ ಒಂದು ಸಲ, ಹೊರಡುವ ಮುಂಚೆ ಒಂದು ಸಲ, ಬಂದ ಮೇಲೆ, ಊಟಕ್ಕೆ ಮುಂಚೆ, ಮಲಗುವಾಗ, ಹೀಗೆ ದಿನಕ್ಕೆ ಐದು. ಅಳತೆಗೋಲು ಇಟ್ಟು ಗೆರೆ ಎಳೆದು ಪುಸ್ತಕದಲ್ಲಿ ಬರೆಯುತ್ತಿದ್ದೆ. ತೋಳಿಗೆ ಸುತ್ತಿದ ಪಟ್ಟಿ ಬುಸ್ಸೆಂದು ಉಬ್ಬುವಾಗ ನಾನು ಉಸಿರು ಹಿಡಿದುಕೊಂಡು ಇವರ ಮುಖವನ್ನೇ ನೋಡುತ್ತಿದ್ದೆ. ನೂರ ಅರವತ್ತೆರಡು. ನೂರ ಐವತ್ತೊಂಬತ್ತು. ನೂರ ಅರವತ್ತೈದು. ಹತ್ತು ದಿನ ಕಳೆದರೂ ಒಮ್ಮೆಯೂ ನೂರ ಐವತ್ತರ ಕೆಳಗೆ ಇಳಿಯಲಿಲ್ಲ. ಉಪ್ಪು ಇನ್ನೂ ಕಡಿಮೆ ಮಾಡಿದೆ. ನಮ್ಮತ್ತೆ ಒಂದು ತುತ್ತು ಬಾಯಿಗಿಟ್ಟು, ಬಿಪಿ ಇರೋದು ಒಬ್ಬನಿಗೆ, ಶಿಕ್ಷೆ ಮನೆಮಂದಿಗೆಲ್ಲಾ ಎಂದು ಗೊಣಗಿದರು.

ಆಗಲೇ ಆಫೀಸಿನ ಗೆಳತಿ ತನ್ನ ಹೊಸ ಮನೆಗೆಂದು ಬಣ್ಣದ ಅಂಗಡಿಯಿಂದ ಒಂದು ಪುಸ್ತಿಕೆ ತಂದಳು. ಅದರ ನಡುವಿನ ಹಾಳೆಯಲ್ಲಿ ಹಸಿರು ಗೋಡೆಯ ಕೋಣೆ, ಕುರ್ಚಿ, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತ ಗಂಡಸು. ಕೆಳಗೆ ಬರೆದಿತ್ತು: ಹಸಿರು ಮನಸ್ಸಿಗೆ ಶಾಂತಿ ನೀಡುತ್ತದೆ, ಎದೆಬಡಿತವನ್ನು ತಗ್ಗಿಸುತ್ತದೆ. ಇದೇ ವಾಕ್ಯ ನನ್ನ ಮೇಜಿಗೆ ಬಂದಿದ್ದರೆ, ಯಾರಿಗೆ, ಎಷ್ಟು ದಿನದಲ್ಲಿ, ಯಾವ ಆಧಾರದ ಮೇಲೆ ಎಂದು ಅಂಚಿನಲ್ಲಿ ಪ್ರಶ್ನೆ ಬರೆದು ವಾಪಸ್ ಕಳಿಸುತ್ತಿದ್ದೆ. ಅವತ್ತು ಮಾತ್ರ ಆ ಹಾಳೆಯನ್ನು ಕೇಳಿ ಹರಿದುಕೊಂಡು ಚೀಲದಲ್ಲಿ ಹಾಕಿಕೊಂಡೆ.

ನಮ್ಮ ಮುಂದಿನ ಕೋಣೆಯ ಬಣ್ಣ ಕಿತ್ತಳೆ. ಈಗಷ್ಟೇ ಗೂಡಿನಿಂದ ತೆಗೆದ ಇಟ್ಟಿಗೆಯ ಹಾಗೆ ಬಿಸಿಬಿಸಿಯಾಗಿ ಕಾಣುತ್ತದೆ. ಇವರು ಮೊದಲ ಸಲ ಕ್ರೇನ್ ಹತ್ತಿದ ವರ್ಷ ಅತ್ತೆಯೇ ಆರಿಸಿ ಹೊಡೆಸಿದ್ದು. ಹಾಗಾಗಿ ವಿಷಯ ಎತ್ತಲು ಎರಡು ದಿನ ಹಿಂದೆಮುಂದೆ ನೋಡಿದೆ. ಎತ್ತಿದಾಗ ಅವರು ಕನ್ನಡಕ ಮೂಗಿನ ತುದಿಗೆ ತಂದುಕೊಂಡರು.

"ಹದಿನೆಂಟು ವರ್ಷ ಈ ಗೋಡೆ ಮುಂದೇನೇ ಕೂತು ಉಂಡವನು ನನ್ನ ಮಗ. ಆಗ ಏರದೇ ಇದ್ದ ಬಿಪಿ ಈಗ ಗೋಡೆ ನೋಡಿ ಏರಿತೇನಮ್ಮಾ?"

ನಾನು ಪುಸ್ತಿಕೆಯ ಹಾಳೆ ತೋರಿಸಿದೆ. ಅವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಈ ಗಂಡಸು ಶಾಂತವಾಗಿ ಕೂತಿರೋದು ಹೆಂಡತಿ ಊರಲ್ಲಿಲ್ಲದ್ದಕ್ಕೇ ಇರಬೇಕು ಎಂದರು. ಆದರೂ ಮಗನ ಮುಖ ಅವರಿಗೂ ಕಾಣುತ್ತಿತ್ತು. ಬೇಡ ಎನ್ನಲಿಲ್ಲ.

ಬಣ್ಣ ಹೊಡೆಯಲು ಬಂದವರು ಅರವತ್ತು ದಾಟಿದ ಪೇಂಟರ್. ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ನಿಧಾನಯ್ಯ ಎನ್ನುತ್ತಾರೆ, ಅವರಿಗೂ ಅದು ಗೊತ್ತು. ಎರಡು ದಿನದ ಕೆಲಸಕ್ಕೆ ಎರಡು ವಾರ ತೆಗೆದುಕೊಳ್ಳುತ್ತಾರೆ, ಆದರೆ ಅವರು ಹೊಡೆದ ಗೋಡೆಯನ್ನು ಯಾರೂ ಮತ್ತೆ ಹೊಡೆಸಿದ್ದಿಲ್ಲ ಎಂದು ಪಕ್ಕದ ಮನೆಯವರು ಹೇಳಿದ್ದರು. ಅವರು ಬಂದು ಮೊದಲು ಅರ್ಧ ಗಂಟೆ ಕಿಟಕಿ ನೋಡಿದರು. ಬೆಳಕು ಎತ್ತಲಿಂದ ಬರುತ್ತದೆ, ಎದುರು ಮನೆಯ ಗೋಡೆ ಯಾವ ಬಣ್ಣ, ಟ್ಯೂಬ್‌ಲೈಟ್ ಎಲ್ಲಿದೆ ಎಂದೆಲ್ಲ ಕೇಳಿಕೊಂಡರು. ನಾನು ಹಸಿರು ಎಂದಾಗ, ಯಾವ ಹಸಿರು ಎಂದರು. ಶಾಂತಿ ಕೊಡುವಂಥದ್ದು ಎಂದೆ.

"ಎಲ್ಲಾ ಹಸಿರೂ ಶಾಂತಿ ಕೊಡಲ್ಲ ತಾಯಿ. ಕೆಲವು ಹಸಿರು ಕಚ್ಚುತ್ತೆ."

ಕಿಟಕಿಗೆ ಎದುರಾದ ಗೋಡೆಯಲ್ಲಿ ಒಂದಷ್ಟು ಜಾಗವನ್ನು ಉಜ್ಜಿ, ಕಿತ್ತಳೆ ಮೇಲೆ ಇಣುಕದಂತೆ ಬಿಳಿ ಹೊಡೆದು ಒಣಗಿಸಿದರು. ಮಾರನೆಯ ದಿನ ಬಂದು ಬಿಳಿ ಬಣ್ಣಕ್ಕೆ ಸಣ್ಣ ಶೀಶೆಗಳಿಂದ ಹಸಿರು, ಹಳದಿ, ನೀಲಿ, ಕಪ್ಪು ಹನಿಗಳನ್ನು ಹಾಕಿ ಕಡ್ಡಿಯಲ್ಲಿ ಕಲಸುತ್ತಾ ಎರಡು ಗೇಣು ಅಗಲದ ಆರು ಚೌಕ ಹೊಡೆದರು. ಮೊದಲನೆಯದು ಗಿಳಿಯ ಹಸಿರು. ಎರಡನೆಯದು ನಿನ್ನೆ ಬಿಚ್ಚಿದ ಚಿಗುರಿನದು. ಮೂರನೆಯದು ನಿಂತ ನೀರಿನ ಪಾಚಿ. ನಾಲ್ಕನೆಯದು ಕೆಮ್ಮಿನ ಔಷಧದ ಬಾಟಲಿ. ಐದನೆಯದರಲ್ಲಿ ಹಸಿರಿಗೆ ಬೂದಿ ಬೆರೆಸಿದಂತಿತ್ತು, ಎಲೆಯನ್ನು ಮಗುಚಿದರೆ ಹಿಂಬದಿಯಲ್ಲಿ ಕಾಣುವ ಮಂಕು ಬಣ್ಣ. ಆರನೆಯದು ನೀಲಿಯ ಕಡೆ ಓಡಿಹೋಗಲು ಒಂದು ಕಾಲು ಎತ್ತಿ ನಿಂತಂಥ ಹಸಿರು. ಅತ್ತೆ ಬಾಗಿಲಲ್ಲಿ ನಿಂತು, ಗೋಡೆಗೆ ಕಜ್ಜಿ ಎದ್ದಿದೆ ಎಂದರು.

ಬ್ರಷ್ ತೊಳೆದುಕೊಂಡು ನಿಧಾನಯ್ಯ ತಮ್ಮ ಪದ್ಧತಿ ಹೇಳಿದರು. ಏಳು ದಿನ ಅವರು ಗೋಡೆ ಮುಟ್ಟುವುದಿಲ್ಲ. ಮನೆಯವರು ದಿನಕ್ಕೆ ಮೂರು ಹೊತ್ತು, ಬೆಳಗಿನ ಬೆಳಕಲ್ಲಿ, ಮುಸ್ಸಂಜೆಯಲ್ಲಿ, ಟ್ಯೂಬ್‌ಲೈಟಿನಲ್ಲಿ, ಒಂದು ಕಾಲು ಗಂಟೆ ಆ ಚೌಕಗಳ ಮುಂದೆ ಸುಮ್ಮನೆ ಕೂರಬೇಕು. ಯಾರೂ ಬಣ್ಣದ ಬಗ್ಗೆ ಬಾಯಿ ಬಿಡಬಾರದು. ಒಬ್ಬರು ಇದು ಚೆಂದ ಎಂದರೆ ಮಿಕ್ಕವರ ಕಣ್ಣು ಅಲ್ಲಿಗೇ ಹೋಗುತ್ತದೆ, ಆಮೇಲೆ ಆ ಗೋಡೆ ಒಬ್ಬರದಾಗುತ್ತದೆ, ಮಿಕ್ಕವರು ಬಾಡಿಗೆಗಿದ್ದಂತೆ ಇರುತ್ತಾರೆ. ಎಂಟನೆಯ ದಿನ ತಾವು ಬಂದು ಒಬ್ಬೊಬ್ಬರನ್ನೇ ಹೊರಗೆ ಕರೆದು ಕೇಳುವುದಾಗಿ ಹೇಳಿದರು. ಒಂದೇ ಚೌಕಕ್ಕೆ ಇಬ್ಬರಾದರೂ ಬಿದ್ದರೆ ಸರಿ. ಇಲ್ಲದಿದ್ದರೆ ಇನ್ನೂ ಆರು ಚೌಕ.

ಅವತ್ತು ಸಂಜೆ ನಾವು ಮೂವರೂ ಕುರ್ಚಿ ಎಳೆದುಕೊಂಡು ಕುಳಿತೆವು. ನನಗೆ ಬಣ್ಣಕ್ಕಿಂತ ಹೆಚ್ಚಾಗಿ ಉಳಿದ ದಿನಗಳೇ ಕಾಣುತ್ತಿದ್ದವು. ಇಪ್ಪತ್ತೇಳು ದಿನ. ಅದರಲ್ಲಿ ಏಳು ದಿನ ಗೋಡೆ ನೋಡುವುದಕ್ಕೇ ಹೋದರೆ, ಬಣ್ಣ ಹೊಡೆದು ಒಣಗಿ ವಾಸನೆ ಹೋಗಿ, ಆಮೇಲೆ ಅದು ಶಾಂತಿ ಕೊಡಲು ಶುರು ಮಾಡುವುದು ಯಾವಾಗ? ಈ ಲೆಕ್ಕದಲ್ಲಿದ್ದಾಗಲೇ ನನಗೆ ಒಂದು ಉಪಾಯ ಹೊಳೆಯಿತು. ಆಗ ಅದು ಬಹಳ ಬುದ್ಧಿವಂತಿಕೆಯದ್ದೆಂದು ಅನ್ನಿಸಿತ್ತು. ಔಷಧಗಳನ್ನು ಹೇಗೆ ಪರೀಕ್ಷೆ ಮಾಡುತ್ತಾರೆಂದು ನನಗೆ ಗೊತ್ತು. ಒಂದಾದ ಮೇಲೆ ಒಂದು ಕೊಟ್ಟು, ಅಳೆದು, ಬರೆದು, ಹೋಲಿಸುತ್ತಾರೆ. ಹಸಿರನ್ನೂ ಹಾಗೇ ಮಾಡಿದರೆ?

ಮಾರನೆಯ ದಿನ ಬೇಗ ಮನೆಗೆ ಬಂದು ಐದು ಚೌಕಗಳ ಮೇಲೆ ಪತ್ರಿಕೆ ಹಾಳೆ ಅಂಟಿಸಿದೆ. ಒಂದನ್ನು ಮಾತ್ರ ಬಿಟ್ಟು, ಅದರ ಎದುರು ಇವರನ್ನು ಕೂರಿಸಿ ಹತ್ತು ನಿಮಿಷ ಬಿಟ್ಟು ಪಟ್ಟಿ ಸುತ್ತಿದೆ. ಬರೆದುಕೊಂಡೆ. ಆ ಹಾಳೆ ಕಿತ್ತು ಈ ಚೌಕಕ್ಕೆ, ಈ ಹಾಳೆ ಕಿತ್ತು ಆ ಚೌಕಕ್ಕೆ. ಪಾಪ, ಇವರು ಎತ್ತಿನ ಹಾಗೆ ಹೇಳಿದಲ್ಲಿ ಕೂತು, ಕೇಳಿದಾಗ ತೋಳು ಚಾಚಿದರು. ಮೂರು ದಿನದಲ್ಲಿ ಪುಸ್ತಕದ ಎರಡು ಪುಟ ತುಂಬಿತು. ಗಿಳಿ ಹಸಿರು ನೂರ ಅರವತ್ತಾರು. ಪಾಚಿ ನೂರ ಅರವತ್ತು. ಚಿಗುರು ಒಂದು ದಿನ ನೂರ ಐವತ್ತೆಂಟು, ಮಾರನೆಯ ದಿನ ನೂರ ಎಪ್ಪತ್ತು. ಬಾಟಲಿ ಹಸಿರಿನ ಮುಂದೆ ನೂರ ಎಪ್ಪತ್ತಮೂರು ಬಂತು. ಆ ಚೌಕದ ಮೇಲೆ ಎರಡು ಹಾಳೆ ಅಂಟಿಸಿ, ಇವರು ಅದನ್ನು ಅಪ್ಪಿತಪ್ಪಿಯೂ ನೋಡದಂತೆ ಮುಂದೆ ಕಬ್ಬಿಣದ ಕಪಾಟು ಎಳೆದಿಡಬೇಕೇ ಎಂದೂ ಯೋಚಿಸಿದೆ.

"ನನ್ನ ಮಗ ಏನು ಕುದುರೆನಾ, ಒಂದೊಂದು ಗೋಡೆ ಹತ್ರ ಕಟ್ಟಿಹಾಕಿ ನೋಡೋಕೆ?" ಎಂದರು ಅತ್ತೆ. ಬಣ್ಣದ ಬಗ್ಗೆ ತಾನೇ ಮಾತಾಡಬಾರದು, ಸೊಸೆ ಬಗ್ಗೆ ಆಡಬಹುದಲ್ಲ ಎಂದೂ ಸೇರಿಸಿದರು.

ನಾಲ್ಕನೆಯ ದಿನ ಸಂಜೆ, ಮುಸ್ಸಂಜೆಯ ಬೆಳಕಲ್ಲಿ ಚೌಕಗಳು ಹೇಗೆ ಕಾಣುತ್ತವೆ ನೋಡೋಣವೆಂದು ನಿಧಾನಯ್ಯ ಬಂದುಬಿಟ್ಟರು. ನಾನು ಆಗ ಪಾಚಿಯ ಮುಂದೆ ಇವರ ತೋಳಿಗೆ ಪಟ್ಟಿ ಸುತ್ತುತ್ತಿದ್ದೆ. ಗೋಡೆಯ ತುಂಬ ಹಳೆಯ ಪತ್ರಿಕೆ. ಅವರು ಹಾಳೆಗಳನ್ನು ಒಂದೊಂದಾಗಿ ಬಿಡಿಸಿದರು. ಅಂಟುಪಟ್ಟಿಯ ಜೊತೆ ಚೌಕಗಳ ಅಂಚಿನ ಬಣ್ಣವೂ ಅಡಿಯ ಬಿಳಿಯೂ ಎದ್ದು ಬಂತು, ಒಳಗಿನ ಕಿತ್ತಳೆ ಗಾಯದ ಹಾಗೆ ಕಂಡಿತು. ನನಗೆ ನಾಚಿಕೆಯಾಗಿ ಎಲ್ಲವನ್ನೂ ಹೇಳಿದೆ. ಆರು ವಾರ, ಕ್ರೇನು, ನೂರ ನಲವತ್ತು, ಯಾವ ಹಸಿರಿಗೆ ಎಷ್ಟು ಎಂಬ ಪುಸ್ತಕ. ಅವರು ಪೂರ್ತಿ ಕೇಳಿದರು. ಅಷ್ಟರಲ್ಲಿ ಮಿಷನ್ ಮೂರು ಸಲ ಪೀಂ ಪೀಂ ಎಂದು ಕೂಗಿ ಸಂಖ್ಯೆ ತೋರಿಸಿತು.

"ಸುಮ್ಮನಿರಿ ಅಂತ ಹೇಳಿದ್ದೆ. ಇದೂ ಮಾತಾಡೋದೇ ಅಲ್ವಾ ತಾಯಿ?" ಎಂದರು. ಬೈದ ಹಾಗೆ ಇರಲಿಲ್ಲ. ಬಾಗಿಲ ಬಳಿ ಇಟ್ಟಿದ್ದ ಡಬ್ಬ ತೆರೆದು, ಸಣ್ಣ ಬ್ರಷ್ಷಿನಲ್ಲಿ ಅಂಚುಗಳನ್ನು ತಿದ್ದಿ, ಇನ್ನೂ ನಾಲ್ಕು ದಿನ ನೋಡಿ ಎಂದು ಹೋದರು.

ಅವರು ಹೋದ ಮೇಲೆ ನಾನು ಮಿಷನ್ನಿನಲ್ಲಿದ್ದ ಸಂಖ್ಯೆಯನ್ನು ಬರೆದುಕೊಳ್ಳಲು ಪೆನ್ನು ಎತ್ತಿದೆ. ಇವರು ತಮ್ಮ ತೋಳಿನ ಪಟ್ಟಿ ಬಿಚ್ಚಿ, ನನ್ನ ಕೈಯಿಂದ ಪೆನ್ನು ತೆಗೆದು ಪಕ್ಕಕ್ಕಿಟ್ಟು, ಅದೇ ಪಟ್ಟಿಯನ್ನು ನನ್ನ ತೋಳಿಗೆ ಸುತ್ತಿದರು. ನನಗೆ ಬೇಡ, ನನಗೇನಾಗಿದೆ ಎಂದೆ. ಗುಂಡಿ ಒತ್ತಿಬಿಟ್ಟರು. ಪಟ್ಟಿ ಬಿಗಿಯಾಗುತ್ತಾ ಹೋದಂತೆ ಎದುರಿಗಿದ್ದ ಇವರ ಮುಖವನ್ನೇ ನೋಡಿದೆ. ಹದಿನೆಂಟು ದಿನ ಇವರಿಗೆ ನನ್ನ ಮುಖ ಹೇಗೆ ಕಂಡಿರಬಹುದು ಎಂದು ಆಗ ಮೊದಲ ಸಲ ಅನ್ನಿಸಿತು.

ನೂರ ಎಪ್ಪತ್ತೊಂದು.

ಅತ್ತೆ ಎದ್ದು ಬಂದು ಕನ್ನಡಕದೊಳಗಿಂದ ಸಂಖ್ಯೆ ನೋಡಿ, ಏನೂ ಹಾಸ್ಯ ಮಾಡದೆ ನನ್ನ ತಲೆಯ ಮೇಲೆ ಕೈ ಇಟ್ಟು ವಾಪಸ್ ಕೂತರು.

ಇವರು ಮೆಲ್ಲಗೆ ಹೇಳಿದರು. "ನೀನು ಈ ಪಟ್ಟಿ ಹಿಡ್ಕೊಂಡು ಬರೋ ಹೆಜ್ಜೆ ಸಪ್ಪಳ ಕೇಳಿದ್ರೆ ಸಾಕು, ನನಗೆ ಎದೆ ಢವಢವ ಅನ್ನುತ್ತೆ. ಸಂಖ್ಯೆಗೆ ಅಲ್ಲ. ಸಂಖ್ಯೆ ನೋಡಿ ನಿನ್ನ ಮುಖ ಏನಾಗುತ್ತೋ ಅಂತ."

"ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ಅದಕ್ಕೂ ನೀನು ಹೆದರ್ತಿದ್ದೆ. ಬಾ, ಕೂತ್ಕೋ. ಬಣ್ಣ ನೋಡೋ ಹೊತ್ತು ಇದು."

ಕೂತೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಕಣ್ಣಲ್ಲಿ ನೀರು ತುಂಬಿದ್ದರಿಂದ ಮೊದಲಿಗೆ ಆರೂ ಚೌಕ ಕಲಸಿಹೋಗಿ ಒಂದೇ ಹಸಿರು ಕೆಸರಾಗಿತ್ತು. ಯಾರೂ ದೀಪ ಹಾಕಲಿಲ್ಲ. ಕಿಟಕಿಯ ಬೆಳಕು ಇಳಿಯುತ್ತಾ ಬಂತು. ಗಿಳಿ ಹಸಿರು ಕೊನೆಯವರೆಗೂ ಕಿರುಚಾಡುತ್ತಲೇ ಇತ್ತು, ಅದನ್ನು ನೋಡಿದಾಗ ಕಣ್ಣ ಹಿಂದೆ ಏನೋ ಬಿಗಿಯುತ್ತಿತ್ತು. ಚಿಗುರಿನದು ಬೆಳಕು ಕಡಿಮೆಯಾದ ಹಾಗೆ ಹಳದಿಯಾಗಿ ಕಾಯಿಲೆಯವರ ಮುಖದಂತಾಯಿತು. ಆರನೆಯದು ಆಗಲೇ ನೀಲಿಯಾಗಿ ತಣ್ಣಗೆ ದೂರ ಹೋಗಿತ್ತು. ಐದನೆಯದು ಮಾತ್ರ ಏನೂ ಮಾಡಲಿಲ್ಲ. ನನ್ನನ್ನು ಕರೆಯಲಿಲ್ಲ, ದೂಡಲೂ ಇಲ್ಲ. ಅದರ ಮೇಲೆ ಕಣ್ಣಿಟ್ಟರೆ ಕಣ್ಣು ಅಲ್ಲೇ ಕಾಲು ಚಾಚಿ ಕೂತುಬಿಡುತ್ತಿತ್ತು. ಗೋಡೆ ಸ್ವಲ್ಪ ಹಿಂದೆ ಸರಿದು ಕೋಣೆಗೆ ಜಾಗ ಕೊಟ್ಟಂತೆ ಅನ್ನಿಸಿತು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ನನ್ನ ಭುಜಗಳು ಕಿವಿಯ ಹತ್ತಿರದಿಂದ ಇಳಿದು ತಮ್ಮ ಜಾಗಕ್ಕೆ ಬಂದಾಗಲೇ ಅವು ಇಷ್ಟು ದಿನ ಮೇಲಿದ್ದವು ಎಂದು ತಿಳಿದದ್ದು.

ಇವರು ಮತ್ತೆ ಗುಂಡಿ ಒತ್ತಿದರು. ಪಟ್ಟಿ ತೋಳಿನಲ್ಲೇ ಇದ್ದದ್ದನ್ನೂ ನಾನು ಮರೆತಿದ್ದೆ. ನೂರ ನಲವತ್ತೆರಡು.

ಆ ಹೊತ್ತಿನಲ್ಲೇ ಮಿಷನ್ನನ್ನೂ ಪುಸ್ತಕವನ್ನೂ ಇವರಿಗೆ ಒಪ್ಪಿಸಿಬಿಟ್ಟೆ. ಭಾನುವಾರ ಬೆಳಿಗ್ಗೆ ಒಂದು ಸಲ ತಾವೇ ನೋಡಿಕೊಂಡು ತಾವೇ ಬರೆಯುವುದು, ನಾನು ಪುಸ್ತಕ ತೆರೆಯಬಾರದು ಎಂದು ಕರಾರು ಮಾಡಿದರು. ಡಾಕ್ಟರಿಗೆ ತೋರಿಸಬೇಕಾದ ಪುಸ್ತಕದಲ್ಲಿ ಹದಿನೆಂಟು ದಿನದ ಕೆಟ್ಟ ಸಂಖ್ಯೆಗಳು ನನ್ನದೇ ದುಂಡಗಿನ ಅಕ್ಷರದಲ್ಲಿ ಕೂತಿದ್ದವು. ಆ ಹಾಳೆಗಳನ್ನು ಕಿತ್ತುಹಾಕಲೇ ಎಂದು ಅತ್ತೆ ಕೇಳಿದರು. ಬೇಡವೆಂದೆ. ಅಳೆದದ್ದನ್ನು ಹರಿಯುವುದು ನನ್ನಿಂದಾಗದು, ಅದು ನನಗೆ ವಿರುದ್ಧವಾಗಿದ್ದರೂ.

ಎಂಟನೆಯ ದಿನ ನಿಧಾನಯ್ಯ ನಮ್ಮನ್ನು ಒಬ್ಬೊಬ್ಬರಾಗಿ ಹೊರಗೆ ಕರೆದು ಕೇಳಿದರು. ನಾನು ಐದು ಎಂದೆ. ಇವರೂ ಐದು ಎಂದಿದ್ದರು. ಅತ್ತೆ ಮಾತ್ರ ಗಿಳಿ ಹಸಿರಿಗೇ ಪಟ್ಟು ಹಿಡಿದರಂತೆ, ಮಿಕ್ಕವೆಲ್ಲ ತೊಳೆದ ಬಟ್ಟೆಯ ಹಾಗಿವೆ ಎಂದು. ಕೊನೆಗೆ ಅವರ ಕೋಣೆಯ ಬಾಗಿಲಿಗೆ ಗಿಳಿ ಹಸಿರು, ಮುಂದಿನ ಕೋಣೆಗೆ ಐದನೆಯದು ಎಂದು ರಾಜಿಯಾಯಿತು. ಬಿಳಿ ಒಂದು ಕೋಟು, ಹಸಿರು ಎರಡು ಕೋಟು. ಒದ್ದೆಯಿದ್ದಾಗ ಬಣ್ಣ ಕಡುವಾಗಿ ಕಂಡು, ಇದು ಆ ಹಸಿರಲ್ಲ ಎಂದೆ. ಒಣಗಲಿ ತಾಯಿ ಎಂದರು ಅವರು. ಒಣಗಿದಾಗ ಅದು ಮತ್ತೆ ಎಲೆಯ ಹಿಂಬದಿಯಾಯಿತು.

ಕೆಂಪು ಹೂವಿನ ಪರದೆ ತೆಗೆದು ಬಿಳಿಯದನ್ನು ಹಾಕಿದೆವು. ಬೇರೇನೂ ಬದಲಾಯಿಸಲಿಲ್ಲ. ಆದರೆ ಆ ಕೋಣೆಗೆ ಬಂದವರು ದನಿ ತಗ್ಗಿಸುತ್ತಿದ್ದರು, ಹಾಲು ತಂದುಕೊಡುವವಳು ಕೂಡ. ಮೂರು ಹೊತ್ತು ಗೋಡೆಯ ಮುಂದೆ ಕೂರುವ ಅಭ್ಯಾಸ ಚೌಕಗಳು ಹೋದರೂ ಹೋಗಲಿಲ್ಲ. ನನ್ನ ಬಿಪಿಯನ್ನು ನಮ್ಮ ಬೀದಿಯ ಡಾಕ್ಟರಿಗೆ ತೋರಿಸಿದೆ. ಎರಡು ವಾರ ಬಿಟ್ಟು ಎರಡು ಸಲ ನೋಡಿ, ಮಾತ್ರೆ ಬೇಡ, ನಡೆಯಿರಿ, ಚಿಂತೆ ಬಿಡಿ ಎಂದರು. ಚಿಂತೆಯನ್ನು ದಿನಕ್ಕೆ ಎಷ್ಟೆಷ್ಟು ಬಿಡಬೇಕೆಂಬ ಕಾಗದ ಮಾತ್ರ ಕೊಡಲಿಲ್ಲ. ನಾನು ಪೂರ್ತಿ ಬಿಟ್ಟೆನೆಂದಲ್ಲ. ಇವರ ಮಾತ್ರೆಗಳನ್ನು ಕದ್ದು ಎಣಿಸುತ್ತಿದ್ದೆ. ಭಾನುವಾರ ಬೆಳಿಗ್ಗೆ ಒಳಗಿಂದ ಪೀಂ ಪೀಂ ಕೇಳಿದಾಗ ಅಡುಗೆಮನೆಯಲ್ಲಿ ಪಾತ್ರೆ ಹಿಡಿದು ನಿಂತುಬಿಡುತ್ತಿದ್ದೆ. ಆದರೆ ಎಷ್ಟು ಎಂದು ಕೇಳಲಿಲ್ಲ. ಇವರ ಮುಖ ನೋಡಿ ತಿಳಿದುಕೊಳ್ಳಲು ಪ್ರಯತ್ನಪಟ್ಟೆ. ಅದು ಗೋಡೆಯಷ್ಟೇ ಸುಮ್ಮನಿರುತ್ತಿತ್ತು. ಒಂದು ಸಂಜೆ ಮಾತ್ರ ಲೋಟ ಎತ್ತಿಕೊಂಡು, ಗೇಟಿನ ಮುಂದೆ ಲಾರಿಯೊಂದು ತಿರುಗಲಾರದೆ ಸಿಕ್ಕಿಕೊಂಡ ಕತೆಯನ್ನು ಮೇಜಿನ ಮೇಲೆ ತೋರಿಸಿದರು. ಅತ್ತೆ ನನ್ನ ಕಡೆ ನೋಡಿದರು. ನಾನು ಅನ್ನ ಬಡಿಸುವುದನ್ನು ಮುಂದುವರಿಸಿದೆ.

ಆರನೆಯ ವಾರದ ಕೊನೆಯ ದಿನ ನಾನೂ ರಜೆ ಹಾಕಿ ಜೊತೆಗೆ ಹೋದೆ. ಒಳಗೆ ಬರುವುದಿಲ್ಲವೆಂದು ನಾನೇ ಹೇಳಿದೆ. ಬಂದರಿನ ದವಾಖಾನೆಯ ಹೊರಗೆ ಉದ್ದನೆಯ ಬೆಂಚು, ಎದುರಿಗೆ ಹಾಲಿನ ಕೆನೆಯ ಬಣ್ಣದ ಗೋಡೆ, ಗೋಡೆಯ ಮೇಲೆ, ಯಂತ್ರಗಳ ಸದ್ದಿದ್ದಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂಬ ಫಲಕ. ಪಕ್ಕದಲ್ಲಿ ಕೈಗೆ ಬ್ಯಾಂಡೇಜ್ ಸುತ್ತಿಕೊಂಡ ಲಾರಿ ಡ್ರೈವರೊಬ್ಬ ಕೂತಿದ್ದ. ಬಾಗಿಲು ಮುಚ್ಚಿತು. ಹತ್ತು ನಿಮಿಷ. ಇಪ್ಪತ್ತು. ಮೂರು ಸಲ ನೋಡಲು ಇಷ್ಟು ಹೊತ್ತು ಬೇಡ. ಅಂದರೆ ಮೊದಲ ಸಲ ಹೆಚ್ಚು ಬಂದಿದೆ, ಮತ್ತೆ ಮತ್ತೆ ನೋಡುತ್ತಿದ್ದಾರೆ. ಕಣ್ಣು ಮುಚ್ಚಿ ನಮ್ಮ ಗೋಡೆಯನ್ನು ತಂದುಕೊಳ್ಳಲು ನೋಡಿದೆ, ಬರಲಿಲ್ಲ. ಬಂದದ್ದು ನೂರ ಎಪ್ಪತ್ತಮೂರು. ಒಳಗಿನಿಂದ ನಗು ಕೇಳಿಸಿತು. ಡಾಕ್ಟರು ನಗುತ್ತಿದ್ದಾರೆಂದರೆ ಒಳ್ಳೆಯದಕ್ಕೋ, ಸಮಾಧಾನ ಮಾಡುವುದಕ್ಕೋ ಎಂದು ಲಾರಿ ಡ್ರೈವರನ್ನು ಕೇಳಬೇಕೆನ್ನುವಷ್ಟಾಯಿತು.

ಮೂವತ್ತೈದು ನಿಮಿಷಕ್ಕೆ ಬಾಗಿಲು ತೆರೆಯಿತು. ಇವರು ನನ್ನ ಕೈಗೆ ಒಂದು ಚೀಟಿ ಕೊಟ್ಟರು. ನೂರ ಮೂವತ್ನಾಲ್ಕು, ನೂರ ಮೂವತ್ತೆರಡು, ನೂರ ಮೂವತ್ತು. ಕೆಳಗೆ ಎತ್ತರದ ಕೆಲಸಕ್ಕೆ ಯೋಗ್ಯ ಎಂಬ ಮುದ್ರೆ, ಸಹಿ, ತಾರೀಕು. ರೂಢಿಯಂತೆ ಮೂರು ಸಲ ಓದಿದೆ. ಸಂಖ್ಯೆ ಸರಿ, ಹೆಸರು ಸರಿ, ಇಸವಿ ಸರಿ. ತಪ್ಪು ಎಲ್ಲೂ ಇರಲಿಲ್ಲ.

"ಇಷ್ಟು ಹೊತ್ತು ಏನು ಮಾಡ್ತಿದ್ರಿ?" ಎಂದೆ.

ಪುಸ್ತಕ ನೋಡುತ್ತಿದ್ದರಂತೆ. ಡಾಕ್ಟರು ಮೊದಲ ಪುಟಗಳನ್ನು ನೋಡಿ ಹುಬ್ಬು ಗಂಟಿಕ್ಕಿ, ಇದನ್ನು ಅಳೆದವರು ಯಾರು ಎಂದರಂತೆ. ಹೆಂಡತಿ. ಕೊನೆಯ ಪುಟದ ನಾಲ್ಕು ಭಾನುವಾರ? ನೂರ ಮೂವತ್ತೆಂಟು, ನೂರ ಮೂವತ್ತಾರು, ಹೀಗಿದ್ದವು. ಅದು ನಾನೇ ಅಳೆದದ್ದು ಎಂದರಂತೆ ಇವರು. ಈ ನಡುವಿನ ಪುಟದಲ್ಲಿ ಪಾಚಿ, ಬಾಟಲಿ, ಗಿಳಿ ಎಂದೆಲ್ಲ ಬರೆದಿದೆಯಲ್ಲ, ಇವೇನು, ಪಥ್ಯವೇ? ಇವರು ಗೋಡೆಯ ಕತೆ ಹೇಳಿದರಂತೆ. ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕು, ಆಮೇಲೆ ಯಾವ ಪೇಂಟರ್, ಫೋನ್ ನಂಬರ್ ಕೊಡಿ, ನಮ್ಮ ಮನೆಗೂ ಬೇಕು ಎಂದು ಬರೆದುಕೊಂಡರಂತೆ. ಮಾತ್ರೆ ಮುಂದುವರಿಯಬೇಕು. ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಸೋಮವಾರದಿಂದ ಮೇಲಕ್ಕೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ನನ್ನನ್ನು ಕೂರಿಸಿದರು. ನಾನು ಬಸ್ಸಿನಲ್ಲಿ ನಿದ್ದೆ ಮಾಡುವವಳಲ್ಲ. ಚೀಲ ಮಡಿಲಲ್ಲಿ ಹಿಡಿದು, ಒಂದೊಂದು ನಿಲ್ದಾಣವನ್ನೂ ಮನಸ್ಸಿನಲ್ಲೇ ಎಣಿಸುತ್ತಾ, ನಮ್ಮದು ಬರುವ ಎರಡು ನಿಲ್ದಾಣ ಮುಂಚೆಯೇ ಎದ್ದು ನಿಲ್ಲುವವಳು. ಅವತ್ತು ಬಂದರಿನ ಗೇಟು ದಾಟಿದ್ದಷ್ಟೇ ನೆನಪು. ಆಮೇಲೆ ಕಣ್ಣು ಬಿಟ್ಟಾಗ ನನ್ನ ಕೆನ್ನೆ ಇವರ ಭುಜದ ಮೇಲಿತ್ತು, ಚೀಲ ಇವರ ಕೈಯಲ್ಲಿತ್ತು, ಬಸ್ಸು ನಿಂತು ಎಲ್ಲರೂ ಇಳಿದುಹೋಗಿದ್ದರು.

"ನಮ್ಮ ಸ್ಟಾಪ್ ಬಂತಾ?"

"ಬಂದು ಹೋಯ್ತು. ಇದು ಕೊನೇದು."

"ರೀ, ಎಬ್ಬಿಸಬಾರದಾ?"

"ಗೊರಕೆ ಹೊಡೀತಿದ್ದೆ ಕಣೇ. ಮದುವೆಯಾದಾಗಿನಿಂದ ಮೊದಲನೇ ಸಲ ಕೇಳಿದ್ದು. ಪೂರ್ತಿ ಕೇಳೋಣ ಅನ್ನಿಸ್ತು."

ಕಂಡಕ್ಟರ್ ನಮ್ಮ ಕಡೆ ನೋಡಿ, ವಾಪಸ್ ಹೊರಡುವುದು ಇಪ್ಪತ್ತು ನಿಮಿಷಕ್ಕೆ ಎಂದ. ಇಳಿದು ನೋಡಿದರೆ ಬಿಸಿಲು ಅಷ್ಟೇನೂ ಇರಲಿಲ್ಲ. ನಾಲ್ಕು ನಿಲ್ದಾಣದ ದಾರಿ. ನಡೆದೇ ಬಂದೆವು.